ಬೇಲಿ ಹಾಕಿದ ಮೇಲೆ ಕಾಣೆಯಾದ ಚಿಟ್ಟೆ

ಕೊಳೆರೋಗ, ಕಾಂಡಕೊರಕ, ಮೆಣಸಿನ ಸೊರಗು ರೋಗಗಳ ವಿಚಾರ ಬರೆಯುವ ಈ ಪುಟದಲ್ಲಿ ಚಿಟ್ಟೆಯ ವಿಚಾರವೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಚಿಟ್ಟೆಯಿಂದ ಕ್ವಿಂಟಾಲಿಗೆ ನಾಲ್ಕು ರೂಪಾಯಿ ಹೆಚ್ಚು ಧಾರಣೆ ಬರುವುದಿಲ್ಲ, ನಿಜ. ಆದರೂ ಇಂಗ್ಲೆಂಡಿನ ಒಂದು ನೀಲಿ ಚಿಟ್ಟೆಯ ಸಂಗತಿಯನ್ನು ಭೂಮಿ ಇಟ್ಟುಕೊಂಡು ಬದುಕುವ ನಾವು ತಿಳಿದಿರುವುದು ಒಳ್ಳೆಯದೆಂದು ನಮಗೆ ಅನ್ನಿಸಿದೆ. ಆ ಚಿಟ್ಟೆಯನ್ನು ಉಳಿಸಬೇಕೆಂದು ವಿಜ್ಞಾನಿಗಳು, ಸರ್ಕಾರ, ಸಾರ್ವಜನಿಕರು ಮೂವರೂ ಪ್ರಾಮಾಣಿಕವಾಗಿ ಬಯಸಿದ್ದರು. ಉಳಿಸಲೆಂದು ಮಾಡಿದ ಏರ್ಪಾಡೇ ಅದಕ್ಕೆ ಮುಳುವಾಯಿತು. ದನಕುರಿ ಮೇಯುವ ಗುಡ್ಡದಲ್ಲಿ ಹುಲ್ಲು ಎಷ್ಟು ಎತ್ತರ ಇರುತ್ತದೆ ಎಂಬುದನ್ನು ಒಬ್ಬರು ಕೂತು ಅಳೆಯುವ ಹೊತ್ತಿಗೆ ಕಾಲ ಮೀರಿತ್ತು.

ಅಲ್ಲಿಯವರು ಆ ಚಿಟ್ಟೆಯನ್ನು ‘ದೊಡ್ಡ ನೀಲಿ’ ಎಂದು ಕರೆಯುತ್ತಾರೆ. ಹೆಸರಿಗೆ ದೊಡ್ಡದು, ರೆಕ್ಕೆ ಬಿಚ್ಚಿದರೆ ಎರಡು ಅಂಗುಲವೂ ಇಲ್ಲ. ಆ ದೇಶದ ಉಳಿದ ನೀಲಿ ಚಿಟ್ಟೆಗಳು ಇನ್ನೂ ಸಣ್ಣವಾದ್ದರಿಂದ ಇದಕ್ಕೆ ಆ ಹೆಸರು. ಹೊಳೆಯುವ ನೀಲಿ ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳು. ಶಾಸ್ತ್ರೀಯ ಹೆಸರು ಮೊದಲು ಮ್ಯಾಕ್ಯುಲಿನಿಯಾ ಏರಿಯನ್ ಎಂದಿತ್ತು. ಈಗ ಫೆಂಗಾರಿಸ್ ಏರಿಯನ್ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಅದು ಇದೆಯೆಂದು ಪುಸ್ತಕದಲ್ಲಿ ದಾಖಲಾದದ್ದು 1795ರಲ್ಲಿ. ಅಲ್ಲಿಂದ ಮುಂದಕ್ಕೆ ಅದಕ್ಕೆ ವಿಪರೀತ ಬೇಡಿಕೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಚಿಟ್ಟೆ ಹಿಡಿದು ಗುಂಡುಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಜೋಡಿಸುವುದು ಉಳ್ಳವರ ಹವ್ಯಾಸವಾಗಿತ್ತು. ಪಾದ್ರಿಗಳು, ವೈದ್ಯರು, ನಿವೃತ್ತ ಸೈನ್ಯಾಧಿಕಾರಿಗಳು ಬಲೆ ಹಿಡಿದು ಗುಡ್ಡ ಹತ್ತುತ್ತಿದ್ದರು. ಅಪರೂಪದ ಚಿಟ್ಟೆ ಇನ್ನಷ್ಟು ಅಪರೂಪವಾದಂತೆ ಅದರ ಬೆಲೆಯೂ ಏರುತ್ತಿತ್ತು.

ಹೀಗಾಗಿ ಗುಡ್ಡದಿಂದ ಗುಡ್ಡಕ್ಕೆ ಚಿಟ್ಟೆ ಕಾಣೆಯಾಗತೊಡಗಿದಾಗ ಎಲ್ಲರ ಬೆರಳೂ ಬಲೆಯವರ ಕಡೆಗೇ ತಿರುಗಿತು. ಅದು ಸಹಜವೂ ಹೌದು. ಕಣ್ಣೆದುರು ಕಾಣುವ ಕಳ್ಳ ಅವನೊಬ್ಬನೇ. ಒಂದು ಮಾತನ್ನು ಮಾತ್ರ ಇಲ್ಲಿ ಸೇರಿಸಬೇಕು. ಒಂದು ಕಾಲದಲ್ಲಿ ಯಾವ ಊರಿನ ಯಾವ ಗುಡ್ಡದಲ್ಲಿ ಈ ಚಿಟ್ಟೆ ಇತ್ತು ಎಂದು ಇಂದು ಹೇಳಲು ಸಾಧ್ಯವಾಗಿದ್ದರೆ, ಅದು ಬಹುಮಟ್ಟಿಗೆ ಆ ಬಲೆಯವರು ಪೆಟ್ಟಿಗೆಯೊಳಗೆ ಅಂಟಿಸಿಟ್ಟ ಊರು ತಾರೀಖುಗಳ ಚೀಟಿಗಳಿಂದಲೇ. ಕಳ್ಳನೇ ಲೆಕ್ಕ ಬರೆದಿಟ್ಟ ಹಾಗೆ ಇದು.

ಬೆಳೆಯುವ ಹುಳು ಎಲ್ಲಿಗೆ ಹೋಗುತ್ತದೆ?

ಈ ಚಿಟ್ಟೆ ಮೊಟ್ಟೆ ಇಡುವುದು ಕಾಡು ಥೈಮ್ ಎಂಬ ನೆಲಕ್ಕಂಟಿ ಬೆಳೆಯುವ ಪುಟ್ಟ ಗಿಡದ ಮೊಗ್ಗಿನ ಮೇಲೆ. ನಮ್ಮ ತುಳಸಿಯ ಕುಟುಂಬಕ್ಕೆ ಸೇರಿದ ಗಿಡ ಅದು, ಉಜ್ಜಿದರೆ ಘಮ್ಮೆನ್ನುತ್ತದೆ. ಮೊಟ್ಟೆಯೊಡೆದ ಹುಳು ಎರಡು ಮೂರು ವಾರ ಹೂವು ತಿಂದುಕೊಂಡಿರುತ್ತದೆ. ಆಮೇಲೆ ಒಂದು ಸಂಜೆ ನೆಲಕ್ಕೆ ಬೀಳುತ್ತದೆ. ಅಲ್ಲಿಂದ ಮುಂದಕ್ಕೆ ಅದು ಎಲ್ಲಿ ಹೋಗುತ್ತದೆಂಬುದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಹುಳುವನ್ನು ಹಿಡಿದು ತಂದು ಸಾಕಿದವರಿಗೆಲ್ಲ ಅದು ಆ ಹಂತಕ್ಕೆ ಬಂದ ಮೇಲೆ ಏನು ಕೊಟ್ಟರೂ ತಿನ್ನದೆ ಸಾಯುತ್ತಿತ್ತು.

1915ರ ಸುಮಾರಿಗೆ ಚಾಪ್‌ಮನ್, ಫ್ರೋಹಾಕ್, ಪ್ಯೂರ್‌ಫಾಯ್ ಎಂಬ ಮೂವರು ಹವ್ಯಾಸಿಗಳ ಪ್ರಯತ್ನದಿಂದ ಗುಟ್ಟು ಹೊರಬಿತ್ತು. ಥೈಮ್ ಗಿಡವೊಂದನ್ನು ಬುಡಸಮೇತ ಕಿತ್ತಾಗ ಕೆಳಗಿನ ಇರುವೆ ಗೂಡಿನಲ್ಲಿ ದಪ್ಪನೆಯ ಹುಳು ಸಿಕ್ಕಿತು. ನಡೆಯುವುದು ಹೀಗೆ: ನೆಲಕ್ಕೆ ಬಿದ್ದ ಹುಳು ಅಲ್ಲೇ ಕಾದಿರುತ್ತದೆ. ಕೆಂಪಿರುವೆಯೊಂದು ಬಂದು ಮೂಸಿ ನೋಡುತ್ತದೆ. ಹುಳುವಿನ ಬೆನ್ನಿನ ಗ್ರಂಥಿಯಿಂದ ಸಿಹಿರಸ ಒಸರುತ್ತದೆ. ಇರುವೆ ಅದನ್ನು ನೆಕ್ಕುತ್ತದೆ. ಕಾಫಿ ಗಿಡದ ಹಿಟ್ಟು ತಿಗಣೆಯ ಹಿಂದೆ ಇರುವೆಗಳು ಸಾಲುಗಟ್ಟುವುದನ್ನು ಕಂಡವರಿಗೆ ಈ ವ್ಯವಹಾರವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಳು ಮೈ ಉಬ್ಬಿಸಿ ಸೆಟೆದು ನಿಲ್ಲುತ್ತದೆ. ಅದರ ವಾಸನೆ, ಮುಟ್ಟಿದರೆ ತಿಳಿಯುವ ಮೈಯ ಹದ ಎಲ್ಲವೂ ಇರುವೆಯ ಮರಿಯಂತೆಯೇ. ತಮ್ಮ ಗೂಡಿನ ಮರಿಯೇ ತಪ್ಪಿ ಹೊರಗೆ ಬಿದ್ದಿದೆಯೆಂದು ತಿಳಿದು ಇರುವೆ ಅದನ್ನು ಕಚ್ಚಿಕೊಂಡು ಗೂಡಿಗೆ ಒಯ್ಯುತ್ತದೆ. ಅಲ್ಲಿ ಈ ಮಹಾಶಯ ಹತ್ತು ತಿಂಗಳು ಕೂತು ಇರುವೆಗಳ ಮರಿಗಳನ್ನೇ ಒಂದೊಂದಾಗಿ ತಿಂದು ದಪ್ಪವಾಗುತ್ತಾನೆ. ಹುಳುವಿನ ಪೂರ್ಣ ತೂಕದ ನೂರಕ್ಕೆ 98 ಪಾಲು ಬರುವುದು ಇರುವೆ ಗೂಡಿನಲ್ಲೇ. ಅಲ್ಲೇ ಕೋಶವಾಗಿ ಮರುವರ್ಷದ ಜೂನ್ ಜುಲೈನಲ್ಲಿ ಚಿಟ್ಟೆಯಾಗಿ ನೆಲದಡಿಯಿಂದ ತೆವಳಿ ಹೊರಬಂದು ರೆಕ್ಕೆ ಒಣಗಿಸಿಕೊಂಡು ಹಾರಿಹೋಗುತ್ತದೆ.

ಗಿಡ ಯಾವುದೆಂದು ತಿಳಿಯಿತು. ಇರುವೆ ಬೇಕೆಂದೂ ತಿಳಿಯಿತು. ಇನ್ನೇನು ಬಾಕಿ ಎಂದು ವಿದ್ವಾಂಸರೂ ಸುಮ್ಮನಾದರು. ಇರುವೆ ಎಂದರೆ ಇರುವೆ; ಆ ಕೆಂಪು ಜಾತಿಯಲ್ಲಿ ಯಾವುದಾದರೂ ಆದೀತು ಎಂದು ಐವತ್ತಕ್ಕೂ ಹೆಚ್ಚು ವರ್ಷ ಎಲ್ಲರೂ ನಂಬಿದ್ದರು. ಕೇಡು ಒಳಸೇರಿದ್ದು ಇಲ್ಲೇ.

ಬೇಲಿ, ಸಮಿತಿ, ಕಾಯಿದೆ

ಉಳಿದ ಕೆಲವು ನೆಲೆಗಳಲ್ಲಿ ಬಲೆಯವರು ಬರಬಾರದೆಂದು ಬೇಲಿ ಹಾಕಿದರು. ಬೇಲಿಗೆ ಬಲೆಯವನೂ ಒಂದೇ, ದನವೂ ಒಂದೇ. ಕುರಿ ದನಗಳು ಹೊರಗುಳಿದವು. ಗುಡ್ಡಕ್ಕೆ ಬೆಂಕಿ ಕೊಡುವುದೂ ನಿಂತಿತು. ಒಳಗೆ ಹುಲ್ಲು ಹುಲುಸಾಗಿ ಬೆಳೆಯಿತು. ನೋಡಿದವರಿಗೆ ಸಂತೋಷವೇ: ನೆಲ ಹಸಿರಾಗಿದೆ, ಥೈಮ್ ಇನ್ನೂ ಇದೆ, ಯಾರೂ ತುಳಿಯುತ್ತಿಲ್ಲ, ಯಾರೂ ಹಿಡಿಯುತ್ತಿಲ್ಲ. ಕೆಲವೇ ವರ್ಷಗಳಲ್ಲಿ ಅಲ್ಲಿ ಚಿಟ್ಟೆ ಇರಲಿಲ್ಲ. ಬೇಲಿ ಹಾಕುವಷ್ಟರಲ್ಲೇ ತಡವಾಗಿತ್ತೆಂದು ತಿಳಿದು ಮುಂದಿನ ನೆಲೆಯನ್ನು ಇನ್ನೂ ಬಿಗಿಯಾಗಿ ಕಾಯುವ ಯೋಚನೆ ನಡೆಯಿತು.

1962ರಲ್ಲಿ ಈ ಒಂದು ಚಿಟ್ಟೆಗಾಗಿಯೇ ಹಲವು ಸಂಸ್ಥೆಗಳ ಜಂಟಿ ಸಮಿತಿ ಹುಟ್ಟಿತು. 1975ರಲ್ಲಿ ಬ್ರಿಟಿಷ್ ಸಂಸತ್ತು ಕಾಡುಜೀವಿ ಮತ್ತು ಕಾಡುಗಿಡಗಳ ಸಂರಕ್ಷಣೆಗೆಂದು ಕಾಯಿದೆ ಮಾಡಿದಾಗ ಅದರ ಚಿಕ್ಕ ಪಟ್ಟಿಯಲ್ಲಿ ದೊಡ್ಡ ನೀಲಿಗೂ ಸ್ಥಾನ ಸಿಕ್ಕಿತು. ಇನ್ನು ಅದನ್ನು ಹಿಡಿಯುವುದು ಅಪರಾಧ. ಕಾಯಿದೆ ಬಂದ ನಾಲ್ಕೇ ವರ್ಷಕ್ಕೆ, 1979ರಲ್ಲಿ, ದೊಡ್ಡ ನೀಲಿ ಬ್ರಿಟನ್ನಿನಿಂದ ಪೂರ್ತಿ ಅಳಿದುಹೋಯಿತೆಂದು ಪ್ರಕಟಿಸಬೇಕಾಯಿತು.

ಇದನ್ನು ಕೇಳಿ ಕಾಯಿದೆಯೇ ನಿಷ್ಪ್ರಯೋಜಕ ಎಂದು ನಮ್ಮಲ್ಲಿ ಕೆಲವರು ನಗಬಹುದು. ಹಾಗೆ ಹೇಳುವುದು ನಮ್ಮ ಉದ್ದೇಶವಲ್ಲ. ಅಂದಿನ ಜನ ಏನನ್ನು ಕಾರಣವೆಂದು ತಿಳಿದಿದ್ದರೋ ಅದಕ್ಕೆ ತಕ್ಕ ಕಾಯಿದೆಯನ್ನೇ ಅವರು ಮಾಡಿದರು. ತಿಳಿದ ಕಾರಣವೇ ಅರ್ಧ ಸತ್ಯವಾಗಿತ್ತು.

ಮೂರು ಅಂಗುಲದ ಹುಲ್ಲು

ಜೆರೆಮಿ ಥಾಮಸ್ ಎಂಬ ಯುವ ಸಂಶೋಧಕ ಈ ಕೆಲಸಕ್ಕೆ ಬಂದದ್ದು 1972ರಲ್ಲಿ. ಆಗ ಬೆರಳೆಣಿಕೆಯ ನೆಲೆಗಳೂ ಉಳಿದಿರಲಿಲ್ಲ. ಆತ ಮಾಡಿದ ಕೆಲಸ ಕೇಳಲು ಸಾಮಾನ್ಯವಾದದ್ದು. ಬೇಸಿಗೆಯಿಂದ ಬೇಸಿಗೆಗೆ ಡೆವನ್ ಪ್ರಾಂತ್ಯದ ಗುಡ್ಡದಲ್ಲಿ ಕೂತು ಮೊಟ್ಟೆ ಎಣಿಸುವುದು, ಎಷ್ಟು ಮೊಟ್ಟೆ ಹುಳುವಾಯಿತೆಂದು ನೋಡುವುದು, ಹುಳು ಯಾವ ಇರುವೆಯ ಕೈಗೆ ಸಿಕ್ಕಿತೆಂದು ಹಿಂಬಾಲಿಸುವುದು, ಆ ಗೂಡಿನಲ್ಲಿ ಅದು ಬದುಕಿತೋ ಸತ್ತಿತೋ ಎಂದು ಮುಂದಿನ ವರ್ಷ ನೋಡುವುದು. ಬಲೆಯವರೇ? ಹವೆಯೇ? ಥೈಮ್ ಕಡಿಮೆಯಾದದ್ದೇ? ಒಂದೊಂದೇ ಕಾರಣವನ್ನು ಲೆಕ್ಕ ಹಾಕಿ ಪಕ್ಕಕ್ಕಿಟ್ಟ. ಎಲ್ಲ ಲೆಕ್ಕ ಕಳೆದ ಮೇಲೆ ಉಳಿದದ್ದು ಇರುವೆ.

ಆ ಗುಡ್ಡಗಳಲ್ಲಿ ಮಿರ್ಮಿಕಾ ಎಂಬ ಕೆಂಪಿರುವೆಯ ಹಲವು ಜಾತಿಗಳಿವೆ. ಬರಿಗಣ್ಣಿಗೆ ಎಲ್ಲ ಒಂದೇ. ಹುಳು ಎದುರಾದರೆ ಎಲ್ಲ ಜಾತಿಗಳೂ ಅದನ್ನು ಎತ್ತಿಕೊಂಡು ಮನೆಗೆ ಒಯ್ಯುತ್ತವೆ. ಆದರೆ ಮಿರ್ಮಿಕಾ ಸಬುಲೆಟಿ ಎಂಬ ಒಂದು ಜಾತಿಯ ಗೂಡಿನಲ್ಲಿ ಮಾತ್ರ ಹುಳು ಸಾಕಷ್ಟು ಸಂಖ್ಯೆಯಲ್ಲಿ ಬದುಕುತ್ತದೆ. ಉಳಿದವುಗಳ ಗೂಡಿನಲ್ಲಿ ಬಹುಪಾಲು ಹುಳುಗಳ ಗುಟ್ಟು ರಟ್ಟಾಗಿ ಅವು ಸಾಯುತ್ತವೆ. ಐವತ್ತು ವರ್ಷ ‘ಇರುವೆ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರಲ್ಲಿ ಬಿಟ್ಟುಹೋಗಿದ್ದ ಸಂಗತಿ ಇದು.

ಇನ್ನು ಈ ಸಬುಲೆಟಿ ಇರುವೆಯ ಸ್ವಭಾವ. ಅದಕ್ಕೆ ಬಿಸಿ ನೆಲ ಬೇಕು. ತಂಪು ದೇಶವಾದ ಇಂಗ್ಲೆಂಡಿನಲ್ಲಿ ಬಿಸಿ ನೆಲವೆಂದರೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು. ಅಲ್ಲಿಯೂ ಹುಲ್ಲು ಮೋಟಾಗಿ, ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚಿಲ್ಲದೆ, ಬಿಸಿಲು ಮಣ್ಣಿಗೆ ತಾಗುವಂತೆ ಇರಬೇಕು. ಹುಲ್ಲು ಮೂರು ಅಂಗುಲಕ್ಕೆ ಏರಿತೋ, ಮಣ್ಣಿನ ಉಷ್ಣತೆ ಎರಡು ಮೂರು ಡಿಗ್ರಿ ಇಳಿಯಿತು. ಆಗ ಸಬುಲೆಟಿ ಜಾಗ ಖಾಲಿ ಮಾಡಿ ಸ್ಕ್ಯಾಬ್ರಿನೋಡಿಸ್ ಎಂಬ ಅದರ ಸೋದರಜಾತಿ ಬಂದು ಕೂರುತ್ತದೆ. ಮೇಲಿಂದ ನೋಡಿದರೆ ಏನೂ ಬದಲಾಗಿಲ್ಲ: ಅದೇ ಗುಡ್ಡ, ಅದೇ ಥೈಮ್, ಅದೇ ಕೆಂಪಿರುವೆ. ಚಿಟ್ಟೆಯ ಪಾಲಿಗೆ ಮಾತ್ರ ಮನೆಯ ಯಜಮಾನನೇ ಬೇರೆ.

ಹುಲ್ಲು ಏಕೆ ಎತ್ತರವಾಯಿತು ಎಂಬುದಕ್ಕೆ ಎರಡು ಕಾರಣ. ಒಂದು, ಎರಡನೆಯ ಮಹಾಯುದ್ಧದ ನಂತರ ಅಲ್ಲಿಯ ಬೇಸಾಯ ಬದಲಾಗಿ, ಕಡಿದಾದ ಬಡ ಗುಡ್ಡದಲ್ಲಿ ದನಕುರಿ ಮೇಯಿಸುವುದು ಗಿಟ್ಟದಾಯಿತು. ಎರಡು, ಮೊಲ. ಮೇವಿಗೆ ದನ ಬಾರದ ಗುಡ್ಡಗಳಲ್ಲಿ ಹುಲ್ಲು ಕತ್ತರಿಸಿ ಇಡುತ್ತಿದ್ದದ್ದು ಕಾಡುಮೊಲಗಳು. 1953ರಲ್ಲಿ ಮಿಕ್ಸೊಮಟೋಸಿಸ್ ಎಂಬ ಮೊಲದ ರೋಗ ಬ್ರಿಟನ್ನಿಗೆ ಬಂತು. ಮೊಲ ಬೆಳೆಗೆ ಶತ್ರುವಾದ್ದರಿಂದ ರೈತರಿಗೆ ಖುಷಿಯೇ ಆಯಿತು. ರೋಗದ ಮೊಲವನ್ನು ಹಿಡಿದು ತಮ್ಮ ಜಮೀನಿಗೆ ಬಿಟ್ಟುಕೊಂಡವರೂ ಇದ್ದರು. ಎರಡು ಮೂರು ವರ್ಷದೊಳಗೆ ನೂರಕ್ಕೆ 99 ಮೊಲಗಳು ಸತ್ತುವೆಂದು ಅಂದಾಜು. ಮೊಲ ಸತ್ತು ಹುಲ್ಲು ಬೆಳೆಯಿತು, ಹುಲ್ಲು ಬೆಳೆದು ಇರುವೆ ಹೋಯಿತು, ಇರುವೆ ಹೋಗಿ ಚಿಟ್ಟೆ ಹೋಯಿತು. ದನ ಮೇಯುವುದು ನಿಂತ ಬೇಣ ಮೂರು ವರ್ಷದಲ್ಲಿ ಹೇಗೆ ಗುರುತು ಸಿಗದಂತಾಗುತ್ತದೆ, ಎಲ್ಲಿಂದಲೋ ಲಂಟಾನ, ಕಮ್ಯುನಿಸ್ಟ್ ಗಿಡ ಬಂದು ಹೇಗೆ ತುಂಬಿಕೊಳ್ಳುತ್ತವೆ ಎಂದು ನಮ್ಮ ಹಿರಿಯ ಸದಸ್ಯರಿಗೆ ಚೆನ್ನಾಗಿ ಗೊತ್ತಿದೆ. ಆ ಗುಡ್ಡದ ಕುರಿಕಾಯುವವನಿಗೂ ಅದು ಗೊತ್ತಿದ್ದಿರಬೇಕು. ಚಿಟ್ಟೆಗೂ ಹುಲ್ಲಿಗೂ ಸಂಬಂಧ ಉಂಟೆಂದು ಅವನಿಗೆ ತಿಳಿದಿರಲಿಲ್ಲ. ಸಂಬಂಧ ಹುಡುಕುತ್ತಿದ್ದವರಿಗೆ ಅವನ ಗುಡ್ಡದ ಹಳೆಯ ಹುಲ್ಲು ಹೇಗಿತ್ತೆಂದು ತಿಳಿದಿರಲಿಲ್ಲ.

ಥಾಮಸ್‌ಗೆ ಗುಟ್ಟು ತಿಳಿದ ಮೇಲೆ ಕೊನೆಯ ನೆಲೆಯಲ್ಲಿ ಹುಲ್ಲು ಮೇಯಿಸಿ ಸರಿಪಡಿಸುವ ಪ್ರಯತ್ನವೇನೋ ನಡೆಯಿತು. ಅಷ್ಟರಲ್ಲಿ ಚಿಟ್ಟೆಗಳ ಸಂಖ್ಯೆ ತೀರಾ ಇಳಿದಿತ್ತು. 1976ರ ಭೀಕರ ಬರಗಾಲದಲ್ಲಿ ಥೈಮ್ ಒಣಗಿತು. ಅಷ್ಟು ಸಣ್ಣ ಸಂಸಾರಕ್ಕೆ ಆ ಪೆಟ್ಟು ತಡೆದುಕೊಳ್ಳಲಾಗಲಿಲ್ಲ. ಔಷಧಿ ಗೊತ್ತಾದ ವರ್ಷಗಳಲ್ಲೇ ರೋಗಿ ತೀರಿಕೊಂಡ.

ಮತ್ತೆ ಬಂದ ಬಗೆ

ಹೋದದ್ದು ಬ್ರಿಟನ್ನಿನಿಂದ ಮಾತ್ರ. ಯೂರೋಪಿನ ಬೇರೆಡೆ ಅದೇ ಜಾತಿಯ ಚಿಟ್ಟೆ ಇತ್ತು. ಸ್ವೀಡನ್ನಿನ ಓಲ್ಯಾಂಡ್ ದ್ವೀಪದ ಚಿಟ್ಟೆಗಳು ಸಬುಲೆಟಿ ಇರುವೆಯನ್ನೇ ನಂಬಿದ್ದವು. ಥಾಮಸ್ ಮತ್ತು ಡೇವಿಡ್ ಸಿಮ್‌ಕಾಕ್ಸ್ 1983ರಲ್ಲಿ ಅಲ್ಲಿಂದ ತಂದು ಡೆವನ್‌ನಲ್ಲಿ ಮೊದಲ ಪ್ರಯೋಗ ಮಾಡಿದರು. ಮೊದಲು ಇರುವೆ, ಆಮೇಲೆ ಚಿಟ್ಟೆ ಎಂಬುದು ಅವರ ಕ್ರಮ. ಗುಡ್ಡದ ಪೊದೆ ಕಡಿಸಿ, ದನ, ಕುದುರೆಮರಿ ಜಾತಿಯ ಪೋನಿ, ಕುರಿಗಳನ್ನು ಗೊತ್ತಾದ ತಿಂಗಳುಗಳಲ್ಲಿ ಮೇಯಲು ಬಿಟ್ಟು, ಹುಲ್ಲು ಮೋಟಾದ ಮೇಲೆ ಇರುವೆ ಬಂದಿದೆಯೇ ಎಂದು ಅಲ್ಲಲ್ಲಿ ಸಿಹಿ ಇಟ್ಟು ಪರೀಕ್ಷಿಸಿ, ಸಾಲದಿದ್ದರೆ ಇನ್ನೊಂದೆರಡು ವರ್ಷ ಕಾಯುವುದು. 1992ರಿಂದ ಸೋಮರ್‌ಸೆಟ್ ಪ್ರಾಂತ್ಯದಲ್ಲಿ ನೆಲೆಗಳು ಕುದುರತೊಡಗಿದವು. ಅದೇ ಪ್ರಾಂತ್ಯದ ಕೊಲಾರ್ಡ್ ಹಿಲ್ ಎಂಬ ಗುಡ್ಡಕ್ಕೆ 2000ದಲ್ಲಿ ಚಿಟ್ಟೆ ಬಿಟ್ಟರು. ಮುಂದೆ ಸಾರ್ವಜನಿಕರೂ ಹೋಗಿ ನೋಡಲು ಅಲ್ಲಿ ಅವಕಾಶವಾಯಿತು.

ಗ್ಲಾಸ್ಟರ್‌ಷೈರಿನ ರಾಡ್‌ಬರೋ ಕಾಮನ್‌ನ ಸಂಗತಿ ನಮ್ಮ ಸದಸ್ಯರಿಗೆ ಹೆಚ್ಚು ಹತ್ತಿರದ್ದು. ‘ಕಾಮನ್’ ಎಂದರೆ ನಮ್ಮ ಗೋಮಾಳದಂತಹ ಜಾಗ. ಊರಿನ ಹಕ್ಕುದಾರರು ದನ ಮೇಯಿಸುವ ಹುಲ್ಲುಗಾವಲು. ಅಲ್ಲಿಯ ದನದ ಒಡೆಯರೊಂದಿಗೆ ಕೂತು ಮಾತಾಡಿ, ದನ ಎಲ್ಲಿ ಎಷ್ಟು ಹೊತ್ತು ಮೇಯಬೇಕೆಂದು ಗೊತ್ತು ಮಾಡಿ, ಪೊದೆ ತೆಗೆಸಿ, ಐದು ವರ್ಷ ನೆಲ ಹದಗೊಳಿಸಿದರು. 2019ರಲ್ಲಿ 1,100 ಹುಳುಗಳನ್ನು ಬಿಟ್ಟರು. 2020ರ ಬೇಸಿಗೆಯಲ್ಲಿ ಸುಮಾರು 750 ಚಿಟ್ಟೆಗಳು ಹಾರಿದುವೆಂದು ಅಂದಾಜಾಯಿತು. ಆ ಗುಡ್ಡದಲ್ಲಿ ದೊಡ್ಡ ನೀಲಿ ಕಾಣಿಸಿ ಆಗ 150 ವರ್ಷವಾಗಿತ್ತು. 2022ರಲ್ಲಿ ಬ್ರಿಟನ್ನಿನ ಚಿಟ್ಟೆಗಳ ಅಪಾಯದ ಪಟ್ಟಿಯನ್ನು ಪರಿಷ್ಕರಿಸಿದಾಗ ದೊಡ್ಡ ನೀಲಿಯನ್ನು ಅತಿ ಗಂಡಾಂತರದ ವರ್ಗದಿಂದ ಕೆಳಗಿಳಿಸಿ ಅಪಾಯದ ಅಂಚಿನ ವರ್ಗಕ್ಕೆ ಸೇರಿಸಿದರು. ಅದೇ ಪಟ್ಟಿಯಲ್ಲಿ ಉಳಿದಿರುವ 58 ಜಾತಿಗಳ ಪೈಕಿ 24 ಅಪಾಯದಲ್ಲಿವೆ ಎಂಬುದನ್ನೂ ಹೇಳದಿದ್ದರೆ ಲೆಕ್ಕ ಸರಿಹೋಗದು.

ಕಾಯಿದೆಗೂ ಈಗ ಅರ್ಥ ಬಂದಿದೆ. ಈ ಹೊಸ ನೆಲೆಗಳಲ್ಲಿ ದೊಡ್ಡ ನೀಲಿ ಹಿಡಿದು ಕೊಂದವನೊಬ್ಬನಿಗೆ 2017ರಲ್ಲಿ ನ್ಯಾಯಾಲಯ ಆರು ತಿಂಗಳ ಅಮಾನತು ಶಿಕ್ಷೆ ಕೊಟ್ಟಿತು. ನೆಲ ಸರಿಯಿದ್ದಾಗ ಬೇಲಿಯೂ ಕಾಯಿದೆಯೂ ಕೆಲಸಕ್ಕೆ ಬರುತ್ತವೆ.

ಎಣಿಸುವ ಜನ

ಸಾರ್ವಜನಿಕರ ಪಾತ್ರ ಬಲೆ ಹಿಡಿಯುವುದರಿಂದ ಎಣಿಸುವುದಕ್ಕೆ ಬದಲಾದದ್ದು ಇದೇ ಅವಧಿಯಲ್ಲಿ. ಅರ್ನಿ ಪೊಲಾರ್ಡ್ ಎಂಬ ವಿಜ್ಞಾನಿ ಒಂದು ಸುಲಭ ಉಪಾಯ ಮಾಡಿದ. ಒಂದು ದಾರಿ ಗೊತ್ತು ಮಾಡಿಕೊಳ್ಳುವುದು. ಏಪ್ರಿಲ್ ಮೊದಲಿನಿಂದ ಸೆಪ್ಟೆಂಬರ್ ಕೊನೆಯವರೆಗೆ ವಾರಕ್ಕೊಮ್ಮೆ, ಬಿಸಿಲಿರುವ ಹೊತ್ತಿನಲ್ಲಿ, ಅದೇ ದಾರಿಯಲ್ಲಿ ನಡೆಯುವುದು. ಐದು ಮೀಟರ್ ಅಗಲದೊಳಗೆ ಕಂಡ ಚಿಟ್ಟೆಗಳನ್ನು ಮಾತ್ರ ಬರೆದುಕೊಳ್ಳುವುದು. ಒಂದು ದಿನದ ಲೆಕ್ಕಕ್ಕೆ ಬೆಲೆಯಿಲ್ಲ, ಹತ್ತು ವರ್ಷದ ಲೆಕ್ಕಕ್ಕೆ ಇದೆ. 1976ರಲ್ಲಿ 34 ಸ್ಥಳಗಳಿಂದ ಆರಂಭವಾದ ಈ ಕ್ರಮ ಮುಂದೆ ಅನೇಕ ದೇಶಗಳಿಗೆ ಮಾದರಿಯಾಯಿತು. 2010ರಿಂದ ಬೇಸಿಗೆಯಲ್ಲಿ ಯಾರು ಬೇಕಾದರೂ 15 ನಿಮಿಷ ಕೂತು ಎಣಿಸಿ ಕಳುಹಿಸುವ ದೊಡ್ಡ ಎಣಿಕೆಯೂ ಅಲ್ಲಿ ನಡೆಯುತ್ತಿದೆ. 2023ರಲ್ಲಿ ಒಬ್ಬೊಬ್ಬರಿಗೆ ಸರಾಸರಿ 12 ಚಿಟ್ಟೆ ಕಂಡಿದ್ದರೆ 2024ರಲ್ಲಿ ಕಂಡದ್ದು 7. ಚಿಟ್ಟೆಗಳಿಗೆ ತುರ್ತು ಪರಿಸ್ಥಿತಿ ಬಂದಿದೆಯೆಂದು ಅಲ್ಲಿಯ ಚಿಟ್ಟೆ ಸಂರಕ್ಷಣಾ ಸಂಸ್ಥೆ ಆ ವರ್ಷ ಸಾರಿತು.

ಈ ಎಣಿಕೆಗಳಿಗೆ ಒಂದು ಮಿತಿ ಉಂಟು. ಜನ ಇರುವ ಕಡೆ, ರಜೆಯ ದಿನ, ಮನೆಯಂಗಳದಲ್ಲಿ ಎಣಿಕೆ ಹೆಚ್ಚು. ಯಾರೂ ಹೋಗದ ಗುಡ್ಡದ ಚಿಟ್ಟೆ ಯಾರ ಪುಸ್ತಕಕ್ಕೂ ಬರುವುದಿಲ್ಲ. ಮತ್ತೆ, ಎಣಿಕೆ ಕಡಿಮೆಯಾಯಿತೆಂದು ಹೇಳಬಲ್ಲದೇ ಹೊರತು ಏಕೆಂದು ಹೇಳಲಾರದು. ದೊಡ್ಡ ನೀಲಿ ಕಡಿಮೆಯಾಗುತ್ತಿದೆಯೆಂದು ಎಲ್ಲರಿಗೂ ನೂರು ವರ್ಷದಿಂದ ಗೊತ್ತಿತ್ತಷ್ಟೆ. ಏಕೆಂದು ತಿಳಿಯಲು ಒಬ್ಬ ಗುಡ್ಡದಲ್ಲಿ ಕೂರಬೇಕಾಯಿತು.

ನಮ್ಮ ಬೇಲಿಯ ವಿಚಾರ

ಅಲ್ಲಿ ದನ ಬಿಟ್ಟದ್ದರಿಂದ ಚಿಟ್ಟೆ ಉಳಿಯಿತೆಂದು ಇಲ್ಲಿ ಕಾನಿಗೆ ದನ ಬಿಡಿರೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಕಂಡದ್ದಕ್ಕೆಲ್ಲ ಒಂದೇ ಬೇಲಿ ಹಾಕಿದವರ ತಪ್ಪನ್ನೇ ತಿರುವಿ ಮಾಡಿದಂತಾದೀತು. ನಮ್ಮ ಘಟ್ಟದ ಚಿಟ್ಟೆಗಳ ಬದುಕು ಬೇರೆ. ಒಂದೊಂದಕ್ಕೂ ಅದರದರ ಗಿಡ, ಅದರದರ ನೆರಳು.

ಇರುವೆಯ ನಂಟು ಮಾತ್ರ ಇಲ್ಲಿಯೂ ಇದೆ. ನೀಲಿ ಚಿಟ್ಟೆಗಳ ಕುಟುಂಬದ ಅನೇಕ ಹುಳುಗಳ ಸುತ್ತ ಇರುವೆ ಮುತ್ತಿರುವುದನ್ನು ನಮ್ಮ ತೋಟದಲ್ಲೂ ಕಾಣಬಹುದು. ಕಾಫಿ ಕೊಯ್ಲಿನ ಕಾಲದಲ್ಲಿ ಆಳುಗಳ ಬೈಗುಳ ತಿನ್ನುವ ಚಗಳಿ ಇರುವೆಯ ಎಲೆಗೂಡಿನೊಳಗೇ ಇದ್ದು, ಅದರ ಮರಿ ತಿಂದು ಬೆಳೆಯುವ ಲಿಫೈರಾ ಬ್ರಾಸೊಲಿಸ್ ಎಂಬ ಚಿಟ್ಟೆಯೂ ನಮ್ಮ ದೇಶದಲ್ಲಿದೆ. ಅದರ ಹುಳುವಿನ ಬೆನ್ನು ಚಿಪ್ಪಿನಂತೆ ಗಟ್ಟಿ. ಚಗಳಿ ಕಚ್ಚಿದರೂ ನಾಟುವುದಿಲ್ಲ.

ನಮ್ಮ ರಾಜ್ಯದ ಚಿಟ್ಟೆಯೆಂದು ಸರ್ಕಾರ ಘೋಷಿಸಿರುವುದು ಸದರ್ನ್ ಬರ್ಡ್‌ವಿಂಗ್ ಎಂಬ ದೊಡ್ಡ ಚಿಟ್ಟೆಯನ್ನು. ಕಪ್ಪು ಮುಂರೆಕ್ಕೆ, ಬಂಗಾರದ ಹಳದಿ ಹಿಂರೆಕ್ಕೆ, ಕತ್ತಿನ ಬಳಿ ಕೆಂಪು. ಅಂಗೈಗಿಂತ ಅಗಲ, ಹಕ್ಕಿಯಂತೆ ಮರದ ಎತ್ತರದಲ್ಲಿ ತೇಲುತ್ತದೆ. ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಾಡಧ್ವಜದ ಹಳದಿ ಕೆಂಪು ಅದರ ಮೈಮೇಲಿದೆಯೆಂದು ಹೆಮ್ಮೆಪಡುವವರೂ ಇದ್ದಾರೆ. ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಅದರ ಹುಳು ಯಾವ ಬಳ್ಳಿ ತಿನ್ನುತ್ತದೆಂದು ಕೇಳಿದರೆ ನಮ್ಮ ಮಹಾಸಭೆಯಲ್ಲಿ ಎಷ್ಟು ಕೈ ಮೇಲೇಳುತ್ತವೋ ಅನುಮಾನ. ಅದು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಸಂಬಂಧಿಗಳನ್ನು. ಹಿಂದಿನವರು ಹಾವಿನ ವಿಷಕ್ಕೆಂದು ಬೇರು ಅಗೆಯುತ್ತಿದ್ದರಲ್ಲ, ಅದೇ ಬಳ್ಳಿ. ಕಾಡಂಚಿನಲ್ಲಿ, ತೋಟದ ಬೇಲಿಯಲ್ಲಿ ಹಬ್ಬಿರುತ್ತದೆ.

ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗಳಲ್ಲೂ ಹಲವು ಚಿಟ್ಟೆಗಳ ಹೆಸರುಗಳಿವೆ. ಬಲೆ ಹಿಡಿದವನನ್ನು ಕಾಯಿದೆ ತಡೆಯಬಲ್ಲದು. ಬೇಲಿ ಸವರುವಾಗ ಆ ಬಳ್ಳಿಯನ್ನೂ ಬುಡಕ್ಕೆ ಕತ್ತಿ ಹಾಕಿ ಎಳೆದುಹಾಕುವವರು ನಾವು, ನಮ್ಮ ಆಳುಗಳು. ನಮಗೆ ಯಾರ ಮೇಲೂ ದ್ವೇಷವಿಲ್ಲ. ಬಳ್ಳಿಯ ಗುರುತಿಲ್ಲ, ಅಷ್ಟೆ. ಇದನ್ನು ಬರೆಯುವ ನಾವೂ ಹಿಂದಿನ ವರ್ಷದವರೆಗೆ ಅದನ್ನು ಕಳೆಯ ಲೆಕ್ಕದಲ್ಲೇ ಕಡಿಸಿದ್ದೇವೆ. ಕಡು ಕಂದುಗೆಂಪು ಬಣ್ಣದ, ಮೈತುಂಬ ಮೆತ್ತನೆಯ ಮುಳ್ಳಿನಂತಹ ಗುಬುಟುಗಳಿರುವ, ನಡುವೆ ಬಿಳಿ ಪಟ್ಟೆಯ ಹುಳುವನ್ನು ಕಂಡು ಯಾವುದೋ ಪೀಡೆಯೆಂದು ಹಿಂದೊಮ್ಮೆ ಔಷಧಿ ಹೊಡೆಸಿದ್ದೂ ಉಂಟು. ಆ ಹುಳು ಕಾಫಿಯನ್ನಾಗಲಿ ಅಡಿಕೆಯನ್ನಾಗಲಿ ಮೆಣಸನ್ನಾಗಲಿ ಮುಟ್ಟುವುದಿಲ್ಲ.

2020ರಿಂದ ನಮ್ಮ ದೇಶದಲ್ಲೂ ಸೆಪ್ಟೆಂಬರ್ ತಿಂಗಳನ್ನು ಚಿಟ್ಟೆ ಎಣಿಕೆಯ ತಿಂಗಳಾಗಿ ಆಚರಿಸುವ ಪದ್ಧತಿ ಆರಂಭವಾಗಿದೆ. ಪಟ್ಟಣದ ಉದ್ಯಾನಗಳಲ್ಲಿ, ಶಾಲೆಗಳಲ್ಲಿ ಎಣಿಸುವವರು ಇದ್ದಾರೆ. ಖಾಸಗಿ ತೋಟದೊಳಗೆ ಅವರು ಬರಲಾರರು. ಮಳೆಯ ಲೆಕ್ಕವನ್ನು ಇಂಚು ಸೆಂಟಿನಲ್ಲಿ ತಂದೆಯ ಕಾಲದಿಂದ ತಪ್ಪದೆ ಬರೆದಿಟ್ಟ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಹೂಮಳೆ ಯಾವ ತಾರೀಖಿಗೆ ಬಂತು, ಎಷ್ಟು ದಿನಕ್ಕೆ ಹಿಂದಿನ ಮಳೆ ಬಂತು ಎಂದು ಆ ಪುಸ್ತಕ ನೋಡಿ ಹೇಳಬಹುದು. ಅದೇ ಪುಟದ ಅಂಚಿನಲ್ಲಿ ಇನ್ನೊಂದು ಸಾಲಿಗೆ ಜಾಗವಿದೆ: ಯಾವ ತಿಂಗಳು, ಯಾವ ಬೇಲಿಯ ಬಳಿ, ಯಾವ ಬಣ್ಣದ ಚಿಟ್ಟೆ, ಎಷ್ಟು. ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ.

ಈಶ್ವರಿ ಬಳ್ಳಿಯ ಒಂದು ಹಂಬು ಮತ್ತು ಕಾಯಿಯನ್ನು ಒಣಗಿಸಿ ಸಂಘದ ಕಚೇರಿಯ ಗೊಬ್ಬರದ ಕೌಂಟರಿನ ಪಕ್ಕ ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಲಾಗಿದೆ. ಕಾಯಿ ಮಾಗಿ ಬಿರಿದಾಗ ಪುಟ್ಟ ಬುಟ್ಟಿಯನ್ನು ನೂಲಿನಲ್ಲಿ ಇಳಿಬಿಟ್ಟಂತೆ ಕಾಣುತ್ತದೆ. ಗುರುತಿಗೆ ಅದೇ ಸುಲಭ. ಕಳೆ ಸವರುವ ಕೆಲಸ ಆರಂಭವಾಗುವ ಮುಂಚೆ ಸದಸ್ಯರು ಬಂದಾಗ ಒಮ್ಮೆ ನೋಡಿಹೋಗಬೇಕಾಗಿ ಕೋರಿಕೆ. ಕತ್ತಿ ಹಿಡಿಯುವ ಆಳನ್ನೂ ಜೊತೆಗೆ ಕರೆತಂದರೆ ಇನ್ನೂ ಒಳ್ಳೆಯದು.